ಕಾರೈಕುಡಿಯಲ್ಲೊಂದು ಹಗಲುಮಂಚ

ತಿರುಚಿರಾಪಳ್ಳಿಯಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರು ಸಾಗಿದರೆ, ಕೆಮ್ಮಣ್ಣಿನ ಒಣನೆಲದ ನಡುವೆ ಕಾರೈಕುಡಿ ಎದುರಾಗುತ್ತದೆ. ಚೆಟ್ಟಿನಾಡಿನ ಮುಖ್ಯ ಪಟ್ಟಣವಿದು. ಅರಮನೆಗಳಂತಹ ಮನೆಗಳನ್ನು ನೋಡಲು ಇಲ್ಲಿಗೆ ಬರುವವರುಂಟು. ಖಾರದ ಅಡಿಗೆಯನ್ನು ಸವಿಯಲು ಬರುವವರೂ ಉಂಟು. ಈ ಎರಡು ಬಗೆಯವರಲ್ಲದೆ ಮೂರನೆಯ ಬಗೆಯ ಯಾತ್ರಿಕರೂ ಇದ್ದಾರೆ. ಅವರ ಕೈಯಲ್ಲಿ ಅಳತೆಯ ಟೇಪು ಇರುತ್ತದೆ. ಊರಿಗೆ ಕಾಲಿಟ್ಟೊಡನೆ ಅವರು ವಿಚಾರಿಸುವುದು ಮುನೀಶ್ವರನ್ ಕೋಯಿಲ್ ಬೀದಿಯನ್ನು. ಹಳೆಯ ಸಾಮಾನುಗಳ ಅಂಗಡಿಗಳಿಗೆ ಹೆಸರಾದ ಬೀದಿ ಅದು.

ಅಲ್ಲಿ ಏನುಂಟು, ಏನಿಲ್ಲ! ಎನಾಮಲ್ ಪಾತ್ರೆ, ಪಿಂಗಾಣಿ ಜಾಡಿ, ಗೋಡೆ ಗಡಿಯಾರ, ಕೆತ್ತನೆಯ ಬಾಗಿಲುವಾಡ, ತೇಗದ ಕಂಬ, ಉಯ್ಯಾಲೆಯ ಹಲಗೆ. ಇವುಗಳ ನಡುವೆ ಧೂಳು ಹೊದ್ದು ನಿಂತ ಹಗಲುಮಂಚಗಳು. ರಾತ್ರಿಯ ನಿದ್ರೆಗಾಗಿ ಮಾಡಿದ ಮಂಚವಲ್ಲ ಇದು. ನಡುಮನೆಯಲ್ಲಿ ಮಧ್ಯಾಹ್ನದ ವಿಶ್ರಾಂತಿಗಾಗಿ ಮಾಡಿದ್ದು. ಮೂವರು ಕುಳಿತರೆ ಆಸನ, ಒಬ್ಬರು ಮಲಗಿದರೆ ಶಯ್ಯೆ. ನಮ್ಮ ಮನೆಗಳಲ್ಲಿ ದಿವಾನ ಎನಿಸಿಕೊಂಡಿರುವುದು ಇದರ ಹತ್ತಿರದ ಬಂಧುವೇ.

ಈ ಸಾಮಾನುಗಳೆಲ್ಲ ಬೀದಿಗೆ ಬಂದುದೇಕೆ? ನಗರತ್ತಾರ್ ಎಂದು ಕರೆಸಿಕೊಳ್ಳುವ ಇಲ್ಲಿಯ ಚೆಟ್ಟಿಯಾರರು ಬರ್ಮಾ, ಮಲಯ, ಸಿಂಹಳಗಳಲ್ಲಿ ಲೇವಾದೇವಿ ನಡೆಸಿ ಅಪಾರ ಸಂಪತ್ತನ್ನು ಗಳಿಸಿದವರು. ಬರ್ಮಾದ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂನ ಗಾಜುಗಳನ್ನು ತರಿಸಿ, ಒಂದು ಬೀದಿಯಿಂದ ಇನ್ನೊಂದು ಬೀದಿಯವರೆಗೆ ಚಾಚಿದ ಮನೆಗಳನ್ನು ಕಟ್ಟಿದರು. 1930ರ ದಶಕದ ಆರ್ಥಿಕ ಕುಸಿತ ಮೊದಲ ಪೆಟ್ಟು. 1942ರಲ್ಲಿ ಬರ್ಮಾ ಜಪಾನೀಯರ ವಶವಾದುದು ಎರಡನೆಯದು. 1948ರಲ್ಲಿ ಸ್ವತಂತ್ರವಾದ ಬರ್ಮಾ ಭೂಮಿಯನ್ನು ರಾಷ್ಟ್ರೀಕರಿಸಿದುದು ಮೂರನೆಯದು. ಸಂಪತ್ತು ಕರಗಿತು, ಒಂದೊಂದು ಮನೆಗೆ ಹತ್ತಾರು ಹಕ್ಕುದಾರರಾದರು. ಜೀರ್ಣೋದ್ಧಾರ ಯಾರಿಂದಲೂ ಆಗದೆ ಹೋದಾಗ ಮನೆಗಳನ್ನು ಬಿಚ್ಚಿ ಮಾರುವುದು ಮೊದಲಾಯಿತು. ಚೆಟ್ಟಿನಾಡಿನ ಗ್ರಾಮಗಳ ಹೆಸರು 2014ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತಾದರೂ, ಅದಕ್ಕೆ ಮುನ್ನ ಎಷ್ಟೋ ಕಂಬಗಳು ಊರು ಬಿಟ್ಟಾಗಿತ್ತು.

ಬೆಂಗಳೂರಿನಿಂದ ಸಂಸಾರವೊಂದು ಈ ಬೀದಿಗೆ ಬಂದಿತೆನ್ನಿ. ಪತಿ, ಪತ್ನಿ, ಜೊತೆಗೆ ಎಂಬತ್ತು ಸಮೀಪಿಸಿದ ತಂದೆ. ಅವರದು ಮೂರನೆಯ ಅಂತಸ್ತಿನ ಮನೆ. ತಂದೆಗೆ ಪ್ರತ್ಯೇಕ ಕೋಣೆಯಿದೆ, ಫ್ಯಾನಿದೆ, ಕಿಟಕಿಯಿದೆ. ಆದರೂ ಹಗಲೆಲ್ಲ ಆ ಕೋಣೆಯಲ್ಲಿ ಮಲಗಿರುವುದು ಅವರಿಗೆ ಬೇಡ. ಮೊಮ್ಮಕ್ಕಳು ಶಾಲೆಯಿಂದ ಬರುವುದು, ತರಕಾರಿಯವನ ಕೂಗು, ನೆರೆಯವರ ಮಾತು ಇವೆಲ್ಲ ಕಿವಿಗೆ ಬೀಳುತ್ತಿರಬೇಕು. ಆದುದರಿಂದ ನಡುಮನೆಗೆ ಒಂದು ಹಗಲುಮಂಚ.

ಮೊದಲು ಕಣ್ಣು ಸೆಳೆಯುವುದು ಕೆತ್ತನೆಯ ಮಂಚ. ತಲೆಯ ಕಡೆ ನವಿಲು, ಬಳ್ಳಿ, ಕಮಲ. ಕನ್ನಡಿಯಂತೆ ಹೊಳೆಯುವ ಪಾಲಿಷ್. ನೂರು ವರ್ಷದ್ದೆಂಬುದು ಅಂಗಡಿಯವನ ಮಾತು. ತಿಳಿದವರು ಇಂತಹ ಸಮಯದಲ್ಲಿ ಮೇಲೆ ನೋಡುವುದಿಲ್ಲ, ಕೆಳಗೆ ಬಗ್ಗುತ್ತಾರೆ. ಪಾಲಿಷ್ ಕಾಣದ ಅಡಿಭಾಗವೇ ಮಂಚದ ಜಾತಕ. ಅಲ್ಲಿ ಅಡ್ಡಗೆರೆಯ ಸ್ಕ್ರೂಗಳಿಗೆ ಬದಲು ಕೂಡು ಗುರುತಿನ ಸ್ಕ್ರೂಗಳಿದ್ದರೆ, ಅವು 1930ರ ದಶಕಕ್ಕಿಂತ ಹಿಂದಿನವಲ್ಲ. ಒಂದೋ ಮಂಚ ಹೊಸದು, ಇಲ್ಲವೆ ಅನಂತರ ದುರಸ್ತಿಯಾಗಿದೆ. ಕಾರಣವಿಲ್ಲದ ಜಾಗಗಳಲ್ಲಿ ಮುಚ್ಚಿದ ತೂತುಗಳು ಕಂಡರೆ, ಹಳೆಯ ಕಂಬ ಬಾಗಿಲುಗಳ ಮರದಿಂದ ಹೊಸದಾಗಿ ಮಾಡಿದ್ದೆಂದು ತಿಳಿಯಬಹುದು. ಅದೇನೂ ಮಹಾಪರಾಧವಲ್ಲ, ಮರ ಹಳೆಯದೇ. ಆದರೆ ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು.

ಮೂಲೆಯಲ್ಲಿ ಇನ್ನೊಂದು ಮಂಚ. ಕೆತ್ತನೆಯಿಲ್ಲ, ತಿರುಗಣೆಯಲ್ಲಿ ಕಡೆದ ನಾಲ್ಕು ಕಾಲು, ಹರಿದ ಬೆತ್ತದ ಹೆಣಿಗೆ. ಅದರ ಕಾಲನ್ನು ಎರಡು ದಿಕ್ಕಿನಲ್ಲಿ ಅಳೆದರೆ ಕೂದಲೆಳೆಯಷ್ಟು ವ್ಯತ್ಯಾಸ ಕಾಣುತ್ತದೆ. ಮರ ದಶಕಗಳ ಕಾಲ ಒಣಗಿದಂತೆ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ದುಂಡಗಿದ್ದುದು ತುಸು ಅಂಡಾಕಾರವಾಗುತ್ತದೆ. ಕೀಲುಗಳಲ್ಲಿ ಮೊಳೆಯಿಲ್ಲ, ಮರದ ಗೂಟಗಳಿವೆ. ಅಡಿಯಲ್ಲಿ ತುಸು ಕೆರೆದರೆ ತೇಗದ ಎಣ್ಣೆ ಬೆರೆತ, ತೊಗಲಿನಂತಹ ವಾಸನೆ ಬರುತ್ತದೆ. ಹುಳು ಕೊರೆದ ಎರಡು ತೂತುಗಳಿವೆಯಾದರೂ ಅವುಗಳ ಬಾಯಿ ಕಪ್ಪಾಗಿದೆ, ಕೆಳಗೆ ಹೊಸ ಹಿಟ್ಟು ಉದುರಿಲ್ಲ. ಆ ಹುಳು ಎಂದೋ ಹೊರಟುಹೋಗಿದೆ.

ಹರಿದ ಬೆತ್ತ ದೋಷವಲ್ಲ. ಹೆಣೆಯಬಲ್ಲ ಕೈಗಳು ಬೆಂಗಳೂರು ಮೈಸೂರುಗಳಲ್ಲಿ ಇಂದಿಗೂ ಇವೆ. ನೋಡಬೇಕಾದುದು ಬೆತ್ತ ಹಾಯಿಸುವ ಚೌಕಟ್ಟಿನ ತೂತುಗಳ ಸಾಲನ್ನು. ಆ ಸಾಲಿನ ಉದ್ದಕ್ಕೂ ಮರ ಸೀಳಿದ್ದರೆ ಮಂಚವನ್ನು ಅಲ್ಲಿಯೇ ಬಿಡುವುದು ಜಾಣತನ.

ಆದರೆ ಕೊನೆಯ ಪರೀಕ್ಷೆಯನ್ನು ಮಾಡಬೇಕಾದವರು ವೃದ್ಧರೇ. ಕೆತ್ತನೆಯ ಮಂಚ 24 ಅಂಗುಲ ಎತ್ತರ; ಅದರ ಮೇಲೆ ಕುಳಿತಾಗ ಅವರ ಪಾದಗಳು ನೆಲಕ್ಕೆ ತಾಗಲಿಲ್ಲ. ಇಳಿಯುವಾಗ ಮಗನ ತೋಳು ಹಿಡಿಯಬೇಕಾಯಿತು. ಸರಳವಾದ ಮಂಚ 16 ಅಂಗುಲ. ತೆಳುವಾದ ಹಾಸಿಗೆ ಹಾಕಿದರೆ 18. ಅದರ ಮೇಲೆ ಕುಳಿತಾಗ ಪಾದಗಳು ನೆಲದ ಮೇಲೆ ಸಮನಾಗಿ ನಿಂತವು. ಏಳುವಾಗ ಅವರು ಯಾರನ್ನೂ ಕರೆಯಲಿಲ್ಲ. ತಗ್ಗಾದ ಮಂಚಕ್ಕೆ ಅಡಿಗಟ್ಟೆ ಕೊಡಬಹುದು. ಎತ್ತರವಾದುದರ ಕಾಲು ಕತ್ತರಿಸಿದರೆ ಮಂಚವೂ ಕೆಟ್ಟಿತು, ಬೆಲೆಯೂ ಹೋಯಿತು.

ಗೃಹಿಣಿಯ ಕಣ್ಣು ಇನ್ನೂ ನವಿಲಿನ ಮೇಲೆಯೇ ಇತ್ತೆನ್ನಿ; ಅದರಲ್ಲಿ ತಪ್ಪೇನಿದೆ? ಬಂದವರು ಹೊಗಳುವ ವಸ್ತುವೊಂದು ಮನೆಯಲ್ಲಿರಲಿ ಎಂದು ಯಾರಿಗೆ ಆಸೆಯಿಲ್ಲ? ಆದರೂ ಅವಳೇ ಟೇಪು ತೆಗೆದು ಸರಳ ಮಂಚದ ಉದ್ದಗಲಗಳನ್ನು ಅಳೆದಳು. ಮನೆಯ ಬಾಗಿಲು, ಮೆಟ್ಟಿಲ ತಿರುವು, ಲಿಫ್ಟು ಇವುಗಳ ಅಳತೆಯನ್ನು ಚೀಟಿಯಲ್ಲಿ ಬರೆದು ತಂದವಳೂ ಅವಳೇ.

ಚೆಟ್ಟಿನಾಡಿನ ಮನೆಗಳನ್ನು ಒಳಹೊಕ್ಕು ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಅಷ್ಟು ದೊಡ್ಡ ಮನೆಗಳಲ್ಲಿಯೂ ಕೋಣೆಗಳು ಚಿಕ್ಕವು. ಮದುವೆಯಾದ ಮಗನಿಗೊಂದು ಕೋಣೆ, ಅದರಲ್ಲಿ ಪೆಟ್ಟಿಗೆ ಪಾತ್ರೆಗಳು. ಬಾಳುವೆ ನಡೆದುದೆಲ್ಲ ಜಗಲಿಯಲ್ಲಿ, ತೊಟ್ಟಿಯ ಸುತ್ತ, ನಾಲ್ಕು ಜನರ ನಡುವೆ. ಆ ಮನೆಗಳನ್ನು ಬೆಂಗಳೂರಿಗೆ ಹೊತ್ತು ತರಲಾಗದು. ಆದರೆ ಮನೆಯ ಹಿರಿಯರು ಮಲಗಿದ್ದಲ್ಲಿಂದಲೇ ಮನೆಯವರೆಲ್ಲರನ್ನೂ ಕಾಣುವಂತೆ, ಆರಡಿ ಉದ್ದದ ಮಂಚವೊಂದನ್ನು ನಡುಮನೆಯಲ್ಲಿ ಹಾಕಬಹುದು. ಅಂತಹ ಮಂಚ ದೊರೆತರೆ ಕಾರೈಕುಡಿಯ ಪ್ರಯಾಣ ಸಾರ್ಥಕವಾದಂತೆಯೇ.