ರಾಗಿಯ ತೆನೆಯಲ್ಲಿ ವೈವಿಧ್ಯದ ಮೂಲ

ಮೈಸೂರಿನಿಂದ ಹುಣಸೂರಿಗೆ ಸಾಗುವ ಹಾದಿಯಲ್ಲಿರುವ ಇಲವಾಲದ ಸೀಮೆಗೆ ರಾಗಿ ಹೊಸದಲ್ಲ. ಮನೆಯ ಮುದ್ದೆಗೂ ಮಠದ ದಾಸೋಹಕ್ಕೂ ಅದೇ ಆಧಾರ. ಆದರೆ ಸಾಸಿವೆಯಂಥ ಆ ಕಾಳಿನೊಳಗೆ ಸೃಷ್ಟಿಯು ಅಡಗಿಸಿಟ್ಟಿರುವ ಗಣಿತವನ್ನು ಬಲ್ಲವರು ವಿರಳ.

ರಾಗಿಯ ಒಡಲಿನ ಜೀವಕೋಶದಲ್ಲಿ 36 ವರ್ಣತಂತುಗಳಿವೆ. ತಂದೆಯ ಕಡೆಯಿಂದ 18, ತಾಯಿಯ ಕಡೆಯಿಂದ 18. ಪರಾಗವೂ ಅಂಡವೂ ಪೂರ್ಣ 36ನ್ನೇ ಹೊತ್ತು ಕೂಡಿದರೆ ಮರುಪೀಳಿಗೆಯಲ್ಲಿ ಅವು 72 ಆದಾವು, ಅದರ ಮುಂದೆ 144. ಈ ಅನರ್ಥವನ್ನು ತಡೆಯುವುದೇ ಮಿಯಾಸಿಸ್ ಎಂಬ ಕ್ಷೀಣವಿಭಜನೆ. ಇಲ್ಲಿ ವರ್ಣತಂತುಗಳು ಒಮ್ಮೆ ಮಾತ್ರ ಇಮ್ಮಡಿಸುತ್ತವೆ. ಕೋಶವಾದರೋ ಎರಡು ಸಲ ಒಡೆಯುತ್ತದೆ. ಹೀಗಾಗಿ ಪ್ರತಿ ಪಾಲಿಗೂ 18 ಉಳಿಯುತ್ತವೆ.

ಇದು ಬರಿಯ ಭಾಗಾಕಾರವಲ್ಲ. ಮೊದಲ ಒಡೆತಕ್ಕೆ ಮುನ್ನ ಜೋಡಿತಂತುಗಳು ಮೈಗೆ ಮೈ ತಾಗಿ ನಿಂತು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳಿಕ ಒಂದೊಂದು ಜೋಡಿಯೂ ಉಳಿದವುಗಳ ಹಂಗಿಲ್ಲದೆ ಬೇರ್ಪಡುತ್ತದೆ. ಅದಲುಬದಲನ್ನು ಎಣಿಕೆಗೆ ಹಿಡಿಯದಿದ್ದರೂ 18 ಜೋಡಿಗಳಿಂದ 2,62,144 ಬಗೆಯ ಕೂಟಗಳು ಸಾಧ್ಯ.

ಆದರೆ ರಾಗಿಯದು ಸ್ವಪರಾಗಸ್ಪರ್ಶ. ತನ್ನ ಹೂವಿನ ಪರಾಗವೇ ತನಗೆ ದಕ್ಕುವುದರಿಂದ ಪ್ರತಿ ಪೀಳಿಗೆಯಲ್ಲೂ ಜೋಡಿಯೊಳಗಿನ ಭೇದ ಅರ್ಧದಷ್ಟು ಕುಗ್ಗುತ್ತ, ಕೊನೆಗೆ ಎರಡೂ ಒಂದೇ ಆಗಿಬಿಡುತ್ತವೆ. ಒಂದೇ ಬಗೆಯದನ್ನು ಎಷ್ಟು ಬೆರೆಸಿದರೂ ಹೊಸತು ಹುಟ್ಟದು.

ಈ ಕಟ್ಟನ್ನು ಬಿಡಿಸಿದವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು. ರಾಗಿಯ ಹೂವು ಅತ್ಯಂತ ಸೂಕ್ಷ್ಮ. ಅದನ್ನು ಸಂಕರಗೊಳಿಸುವುದು ತಪಸ್ಸಿನಂಥ ಕಾರ್ಯ. ಅವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆಸೆದರು. ಎರಡೂ ನಾಡುಗಳ ಹೆಸರು ಕೂಡಿ ಆ ತಳಿಗಳಿಗೆ ‘ಇಂಡಾಫ್’ ಎಂಬ ನಾಮಧೇಯವಾಯಿತು. ಇಂಥ ಸಂಕರದ ಮೊದಲ ಪೀಳಿಗೆ ಬಹುಮಟ್ಟಿಗೆ ಏಕರೂಪವಾಗಿರುತ್ತದೆ. ಅದರ ಹೂವಿನಲ್ಲಿ ಕ್ಷೀಣವಿಭಜನೆ ನಡೆದು ಎರಡನೆಯ ಪೀಳಿಗೆ ಬೆಳೆದಾಗಲೇ ಎತ್ತರದ್ದು, ಗಿಡ್ಡದ್ದು, ಬೇಗ ಮಾಗುವುದು, ತಡವಾಗಿ ಮಾಗುವುದು ಎಂಬ ಭೇದಗಳು ಹೊಲದಲ್ಲಿ ಮೈದೋರುತ್ತವೆ. ಅವುಗಳಲ್ಲಿ ಉತ್ತಮವಾದುದನ್ನು ಹಲವು ಪೀಳಿಗೆ ಆರಿಸಿ ಸ್ಥಿರಗೊಳಿಸಿದರೆ ಹೊಸ ತಳಿ. ಸ್ಥಿರವಾದೊಡನೆ ವೈವಿಧ್ಯವೂ ಮುಗಿಯಿತು. ಆದುದರಿಂದ ಮುಂದಿನ ಬೆಸುಗೆಗಾಗಿ ಹಳೆಯ ನಾಟಿ ಬಿತ್ತನೆಗಳನ್ನು ಉಳಿಸಿಕೊಳ್ಳದಿದ್ದರೆ ನಾಳಿನ ತಳಿಗೆ ತಾಯಿಯೇ ಇಲ್ಲವಾಗುತ್ತಾಳೆ.

ಮನುಷ್ಯನಲ್ಲಿ ಜೋಡಿಗಳು 23. ಅದಲುಬದಲನ್ನು ಬಿಟ್ಟರೂ ತಂದೆಯೊಬ್ಬನಲ್ಲೇ 83,88,608 ಬಗೆ, ತಾಯಿಯಲ್ಲಿಯೂ ಅಷ್ಟೇ. ಒಡಹುಟ್ಟಿದವರು ಒಂದೇ ಅಚ್ಚಿನಲ್ಲಿ ಬಾರದಿರುವುದು ಈ ಕಾರಣದಿಂದ. ಅಣ್ಣನ ಅಂಕಪಟ್ಟಿಯನ್ನು ಹಿಡಿದು ತಮ್ಮನನ್ನು ಅಳೆಯುವ ಉಪಾಧ್ಯಾಯನು ರಾಗಿಯ ಹೊಲದಲ್ಲಿ ಒಂದು ಗಳಿಗೆ ನಿಲ್ಲಬೇಕು. ಗಿಡ್ಡನೆಯ ಪೈರನ್ನು ಕಿತ್ತೆಸೆಯುವ ಮುನ್ನ ತಳಿಗಾರನು ಅದರ ತೆನೆಯನ್ನು ನೋಡುತ್ತಾನೆ.