ಮಾತಿಲ್ಲದ ಎರಡು ಪುಟ

ಸ್ಪೈಡರ್-ಮ್ಯಾನ್ ಎಂದರೆ ಬರೀ ಹೊಡೆದಾಟ ಅಂದುಕೊಂಡಿದ್ದೆ. ಡಿಗ್ರಿ ಓದುವಾಗ ರೂಮ್‌ಮೇಟ್ ಒಬ್ಬ, "ಇದನ್ನೊಂದು ಓದೋ, ಆಮೇಲೆ ಮಾತಾಡು" ಎಂದು ಕೈಗಿಟ್ಟದ್ದು 'ದಿ ಸ್ಪೆಕ್ಟ್ಯಾಕ್ಯುಲರ್ ಸ್ಪೈಡರ್-ಮ್ಯಾನ್'ನ 200ನೇ ಸಂಚಿಕೆ. 1993ರದ್ದು. ಬರೆದವರು ಜೆ. ಎಂ. ಡಿಮ್ಯಾಟಿಸ್, ಚಿತ್ರ ಸಾಲ್ ಬುಸೆಮಾ ಅವರದು.

ಪೀಟರ್ ಪಾರ್ಕರ್ ಮತ್ತು ಹ್ಯಾರಿ ಆಸ್ಬಾರ್ನ್ ಕಾಲೇಜಿನ ಗೆಳೆಯರು, ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ಇದ್ದವರು. ಹ್ಯಾರಿಯ ಅಪ್ಪನೇ ಗ್ರೀನ್ ಗಾಬ್ಲಿನ್. ಅವನು ಸ್ಪೈಡರ್-ಮ್ಯಾನ್ ಜೊತೆಗಿನ ಕಾದಾಟದಲ್ಲಿ ಸತ್ತ ಮೇಲೆ, ಗೆಳೆಯನೇ ಅಪ್ಪನನ್ನು ಕೊಂದ ಎಂದು ನಂಬಿ ಹ್ಯಾರಿ ಅದೇ ಮುಖವಾಡ ತೊಡುತ್ತಾನೆ. ಈ ಸಂಚಿಕೆಯಲ್ಲಿ ಪೀಟರನಿಗೆ ಮತ್ತು ಬರಿಸಿ, ಬಾಂಬ್ ಇಟ್ಟ ಕಟ್ಟಡದಲ್ಲಿ ಕೆಡವಿ, ತಾನೂ ಅಲ್ಲೇ ಸಾಯಲು ನಿಂತಿರುತ್ತಾನೆ. ಪೀಟರನ ಹೆಂಡತಿ ಮೇರಿ ಜೇನ್, ತನ್ನ ಪುಟ್ಟ ಮಗ ಇಬ್ಬರೂ ಒಳಗಿದ್ದಾರೆಂದು ಗೊತ್ತಾದಾಗ ಅವರನ್ನು ಹೊರಗೆ ತರುತ್ತಾನೆ. ಅಷ್ಟನ್ನು ಯಾರಾದರೂ ಮಾಡಿಯಾರು. ಆಮೇಲೆ ಮತ್ತೆ ಒಳಗೆ ಹೋಗುತ್ತಾನೆ, ಪೀಟರನಿಗಾಗಿ.

ಬಲಕ್ಕೆಂದು ಸೇವಿಸಿದ್ದ ಔಷಧವೇ ವಿಷವಾಗಿ ಹ್ಯಾರಿ ಆಂಬುಲೆನ್ಸಿನಲ್ಲಿ ಸಾಯುತ್ತಾನೆ. ಕಾರನ್ನೇ ಎತ್ತಬಲ್ಲ ಸ್ಪೈಡರ್-ಮ್ಯಾನ್ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾನೆ.

ಸೂಪರ್‌ಹೀರೋಗಳು ಮಹಾ ಮಾತುಗಾರರು. ಕಟ್ಟಡದಿಂದ ಬೀಳುತ್ತಿರುವಾಗಲೂ ಎರಡು ಬಲೂನ್ ತುಂಬಾ ಮಾತಾಡುತ್ತಾರೆ. ಇಲ್ಲಿ ಮಾತ್ರ ಕೊನೆಯ ಎರಡು ಪುಟಗಳಲ್ಲಿ ಒಂದು ಪದವೂ ಇಲ್ಲ. ಕಟ್ಟಕಡೆಯ ಚಿತ್ರ, ಇಬ್ಬರೂ ನಗುತ್ತಿರುವ ಒಂದು ಹಳೆಯ ಫೋಟೊ.

ಕಾಮಿಕ್ಸಿನಲ್ಲಿ ಸತ್ತವರು ಸತ್ತೇ ಇರುವುದಿಲ್ಲ, ಬಿಡಿ. ಹ್ಯಾರಿಯನ್ನೂ ಮುಂದೆ ವಾಪಸ್ ತಂದರು. ಅದರಿಂದ ನನಗೆ ಆ ಫೋಟೊದ ಭಾರ ಇಳಿದಿಲ್ಲ.

ಆ ರೂಮ್‌ಮೇಟ್ ಜೊತೆ ನಾನು ಮಾತು ಬಿಟ್ಟು ಆರು ವರ್ಷವಾಗಿತ್ತು. ನಮ್ಮ ನಡುವೆ ಯಾರ ಅಪ್ಪನ ಸಾವೂ ಇರಲಿಲ್ಲ. ರೂಮು ಖಾಲಿ ಮಾಡುವಾಗ ಅಡ್ವಾನ್ಸ್ ಹಣದಲ್ಲಿ 4,000 ರೂಪಾಯಿಯ ಲೆಕ್ಕ ತಾಳೆಯಾಗಿರಲಿಲ್ಲ, ಅಷ್ಟೇ. ನಾನು ಆಡಿದ ಒಂದು ಮಾತು ಮಾತ್ರ ಆಡಬಾರದ್ದು. ಹೋದ ತಿಂಗಳು ಮನೆ ಬದಲಿಸುವಾಗ ರಟ್ಟಿನ ಪೆಟ್ಟಿಗೆಯಲ್ಲಿ ಆ ಸಂಚಿಕೆ ಸಿಕ್ಕಿತು. ಒಳಪುಟದಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಅವನ ಹೆಸರು. ಸಾಮಾನಿನ ನಡುವೆ ನೆಲದ ಮೇಲೆ ಕೂತು ಪೂರ್ತಿ ಓದಿದೆ.

ರಾತ್ರಿ ಅವನ ನಂಬರು ಹುಡುಕಿ, "ನಿನ್ನ ಪುಸ್ತಕ ನನ್ನ ಹತ್ರ ಉಳಿದಿದೆ, ಅಡ್ರೆಸ್ ಕೊಟ್ಟರೆ ಕಳಿಸ್ತೀನಿ" ಎಂದು ಟೈಪ್ ಮಾಡಿದೆ. ಅಳಿಸಿದೆ. "ಹೇಗಿದ್ದೀಯೋ?" ಎಂದಷ್ಟೇ ಕಳಿಸಿದೆ.