ನಡುವಿನ ಮಾತು

ಕನ್ನಡ ಎಂ.ಎ. ಮಾಡಿದವನನ್ನು ಮನೆಯವರು ನಿಘಂಟೆಂದೇ ತಿಳಿಯುತ್ತಾರೆ. ಕಳೆದ ವೈಶಾಖದವರೆಗೆ ನನಗೂ ಅದು ಹೆಮ್ಮೆಯ ಸಂಗತಿಯೇ ಆಗಿತ್ತು.

ನನ್ನಾಕೆಗೆ ಸೊಂಟನೋವು. ವೈದ್ಯರು ಬರೆದುಕೊಟ್ಟ ನಡುಪಟ್ಟಿಯನ್ನು ಸೂಪರ್ ಮಾರ್ಕೆಟ್ಟಿನಿಂದ ತಾಜಸುಲ್ತಾನಪುರದ ಮನೆಗೆ ತಂದೆ. ಡಬ್ಬಿಯ ಮೇಲೆ 'ಕಾರ್ಸೆಟ್' ಎಂದಿತ್ತು; ಬೆನ್ನಿನ ಕಡೆ ಗಟ್ಟಿ ಕಡ್ಡಿಗಳಿದ್ದವು. ಅದೇ ವಾರ ಕಮಲಾಪುರದಲ್ಲಿ ಆಕೆಯ ಅಣ್ಣನ ಮಗಳ ಲಗ್ನ.

"ಇದನ್ನ ಕಟ್ಕೊಂಡು ಹ್ಯಾಂಗ ಬರ್ಲಿ? ಸೀರಿ ಒಳಗ ಉಬ್ಬಿ ಕಾಣ್ತದ" ಎಂದಳು. ಮಗಳು ತನ್ನ 'ಶೇಪ್‌ವೇರ್' ತಂದಿಟ್ಟಳು. ಅದು ಲಂಗದ ಬದಲು ಸೀರೆಯೊಳಗೆ ತೊಡುವ ಉಡುಪು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ.

"ಎರಡೂ ಒಂದೇ ಏನ್ರಿ?" ಎಂದು ಆಕೆ ನಿಘಂಟನ್ನು ಕೇಳಿದಳು.

"ಎರಡೂ ಕಂಚುಕವೇ. ಬಿಗಿಯುವುದೇ ಎರಡರ ಧರ್ಮ" ಎಂದುಬಿಟ್ಟೆ. ಕಂಚುಕವೆಂದರೆ ಕುಪ್ಪಸ, ಕವಚ, ಹಾವಿನ ಪೊರೆ; ಅಷ್ಟು ದೊಡ್ಡ ಛತ್ರದಲ್ಲಿ ಇನ್ನಿಬ್ಬರಿಗೆ ಜಾಗವಿಲ್ಲವೇ?

ಊಟದ ಪಂಕ್ತಿಯಿಂದ ಆಕೆ ಏಳಲಾಗಲಿಲ್ಲ. ಇಬ್ಬರು ಹೆಂಗಸರು ತೋಳು ಹಿಡಿದು ಎಬ್ಬಿಸಿದರು. "ನೀವು ಒಂದೇ ಅಂದಿದ್ರಿ" ಎಂದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಓದಿದೆ. ಯುರೋಪಿನ ಹೆಂಗಸರ ಕಾರ್ಸೆಟ್ಟಿಗೆ ಎಲುಬಿತ್ತು: ತಿಮಿಂಗಿಲದ ಬಾಯಿಯ ಜಾಲರಿಯಿಂದ ಸೀಳಿದ ಕಡ್ಡಿಗಳು, ಮುಂದೆ ಉಕ್ಕಿನವು. ಬೆನ್ನಿನ ಮೇಲೆ ದಾರ ಎಳೆದಷ್ಟೂ ನಡು ಕಿರಿದು. 1936ರ 'ಗಾನ್ ವಿತ್ ದಿ ವಿಂಡ್' ಕಾದಂಬರಿಯ ನಾಯಕಿಗೆ ಹದಿನೇಳು ಅಂಗುಲದ ನಡುವಿನ ಹೆಮ್ಮೆ! ಕಾಲ ಕಳೆದಂತೆ ರಬ್ಬರ್ ಎಳೆಯ ಗರ್ಡಲ್ ಬಂತು. 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲನ್ನು ಕಂಡುಹಿಡಿದ. ಮಗಳ ಉಡುಪು ಈ ವಂಶದ್ದು. ಅದು ಸುತ್ತಲಿಂದ ಒತ್ತಿ ಮೈಯನ್ನು ನುಣುಪಾಗಿಸುತ್ತದೆ. ಬೆನ್ನು ಬಾಗಿದರೆ ತಾನೂ ಬಾಗುತ್ತದೆ. ವೈದ್ಯರ ಪಟ್ಟಿ ಹೆಚ್ಚು ಬಾಗಗೊಡುವುದಿಲ್ಲ. ಕಾರ್ಸೆಟ್ಟಿನ ಹೆಸರನ್ನೂ ಕಡ್ಡಿಯನ್ನೂ ಉಳಿಸಿಕೊಂಡು, ಚೆಲುವಿನ ಉಸಾಬರಿಯನ್ನು ಅದು ಬಿಟ್ಟಿದೆ.

ನಮ್ಮ ಕುಬಸವಂತೂ ಈ ಜಗಳಕ್ಕೇ ಬರುವುದಿಲ್ಲ. ಎದೆಯ ಕೆಳಗೆ ಒಂದು ಗಂಟು ಹಾಕಿ, ನಡುವನ್ನು ಅದರ ಪಾಡಿಗೆ ಬಿಡುತ್ತದೆ. ಬಸುರಿಗೆ ಕುಬಸ ಮಾಡಿ ಹಾಡುವ ನಾಡಿನಲ್ಲಿ ಹೊಟ್ಟೆ ಅಡಗಿಸುವ ಮಾತೆಲ್ಲಿ? ಹತ್ತಿರದ ನೆಂಟಸ್ತಿಕೆ ಇರುವುದು ಬಾಣಂತಿಯ ಹೊಟ್ಟೆಪಟ್ಟಿಗೆ. ಮಗಳು ಹುಟ್ಟಿದಾಗ ನಮ್ಮವ್ವ ಹಳೆಯ ಪತ್ತಲ ಹರಿದು ಸೊಸೆಯ ಹೊಟ್ಟೆಗೆ ಸುತ್ತುತ್ತಿದ್ದಳು. ಪ್ರತಿದಿನ ಬಿಚ್ಚಿ ಹೊಸದಾಗಿ ಕಟ್ಟುವಳು, ಪದರದೊಳಗೆ ಎರಡು ಬೆರಳು ತೂರಿಸಿ, "ಉಸಿರು ಆಡ್ತದೇನವ್ವಾ?" ಎಂದು ಕೇಳುವಳು. ಅವ್ವ ಇದ್ದಿದ್ದರೆ ಆ ಎರಡನ್ನೂ ಕೈಯಲ್ಲಿ ಹಿಸುಕಿ ನೋಡಿ ಉತ್ತರ ಹೇಳುತ್ತಿದ್ದಳು. ನಾನು ಪದವನ್ನಷ್ಟೇ ನೋಡಿದ್ದೆ.

ಈಗ ಕಾಲೇಜಿಗೆ ಹೊರಡುವ ಮೊದಲು ಆ ಪಟ್ಟಿಯನ್ನು ನಾನೇ ಕಟ್ಟುತ್ತೇನೆ. ಎರಡು ಬೆರಳು ತೂರಿಸಿ ನೋಡುತ್ತೇನೆ.

"ಇದಕ್ಕ ಕನ್ನಡದಾಗ ಏನಂತಾರ್ರಿ?" ಎಂದು ಮೊನ್ನೆ ಆಕೆ ಕೇಳಿದಳು.

"ಕಾರ್ಸೆಟ್" ಎಂದೆ.